ಗೋಡೆ ಮೇಲೆ ಕೂತಿರೋ ಪತಂಗ ಯಾವ್ದು ಅಂತ ಕಂಡುಹಿಡಿಯೋದು ಹೇಗೆ

ಮೊದ್ಲು ಅದು ಪತಂಗಾನೋ ಚಿಟ್ಟೆನೋ ನೋಡ್ಕೊಳ್ಳಿ. ಚಿಟ್ಟೆ ಮೀಸೆ ತುದಿ ಬೆಂಕಿಕಡ್ಡಿ ತಲೆ ಥರ ಉಬ್ಬಿರತ್ತೆ, ಪತಂಗದ್ದು ಸಾಮಾನ್ಯವಾಗಿ ದಾರದ ಥರ ಇಲ್ಲಾಂದ್ರೆ ಗರಿ ಥರ. ಬಣ್ಣ ನೋಡಿ ಮೋಸ ಹೋಗ್ಬೇಡಿ, ಹಗಲಲ್ಲಿ ಹಾರೋ ಪತಂಗಗಳೂ ಇವೆ.

ಪತಂಗಗಳು ಬೆಳಕಿಗೆ ಬಂದು ಕೂರ್ಲಿ ಅಂದ್ರೆ ಮಳೆಗಾಲದಲ್ಲಿ ರಾತ್ರಿ ಒಂದು ಹಳೇ ಬಿಳಿ ಪಂಚೆ ಕಟ್ಟಿ ಹಿಂದೆ ಬಲ್ಬ್ ಹಾಕಿ, ಅಮಾವಾಸ್ಯೆ ಹತ್ರ ಆದ್ರೆ ಇನ್ನೂ ಒಳ್ಳೇದು, ಬೆಳದಿಂಗಳಿದ್ರೆ ಅಷ್ಟಾಗಿ ಬರಲ್ಲ. ಮುಟ್ಟೋಕೆ ಹೋಗ್ಬೇಡಿ, ರೆಕ್ಕೆ ಪುಡಿ ಉದುರತ್ತೆ, ಮೇಲಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೀರಿ ಸಾಕು. ರೆಕ್ಕೆ ಚಪ್ಪಟೆಯಾಗಿ ಹರಡಿದ್ಯಾ, ಮನೆ ಸೂರಿನ ಥರ ಮಡಚಿದ್ಯಾ, ಅದನ್ನೂ ನೋಡಿ, ಅರ್ಧ ಗುರುತು ಅಲ್ಲೇ ಸಿಗತ್ತೆ.

ನಂದಿಬಟ್ಟಲು ಅಥವಾ ಕಣಗಿಲೆ ಗಿಡ ಇದ್ರೆ ಮಿಲಿಟರಿ ಬಟ್ಟೆ ಥರ ಹಸಿರು ಚಿತ್ತಾರ ಇರೋದು ಸಿಗಬಹುದು, ಅದು ಒಲಿಯಾಂಡರ್ ಹಾಕ್ ಮಾತ್. ಅದರ ಹುಳಕ್ಕೆ ಮುಂಭಾಗದಲ್ಲಿ ಎರಡು ನೀಲಿ ಕಣ್ಣಿನ ಥರ ಮಚ್ಚೆ ಇರತ್ತೆ, ಎಲೆ ತಿಂತಿದೆ ಅಂತ ಔಷಧಿ ಹೊಡೀಬೇಡಿ ಪ್ಲೀಸ್! ಬೆನ್ನ ಮೇಲೆ ತಲೆಬುರುಡೆ ಗುರುತಿದ್ದು, ಹಿಡಿದ್ರೆ ಕೀಚ್ ಅಂತ ಕಿರುಚೋದು ಡೆತ್ಸ್ ಹೆಡ್, ಜೇನುಗೂಡಿಗೆ ನುಗ್ಗಿ ಜೇನು ಕದಿಯೋ ಕಳ್ಳ. ಮಲೆನಾಡಲ್ಲಿ ಅಂಗೈಗಿಂತ ದೊಡ್ಡದಾಗಿ, ರೆಕ್ಕೆ ತುದೀಲಿ ಹಾವಿನ ತಲೆ ಥರ ಕಂಡ್ರೆ ಅಟ್ಲಾಸ್ ಪತಂಗ, ಪಾಪ ಅದಕ್ಕೆ ತಿನ್ನೋಕೆ ಬಾಯೇ ಇಲ್ಲ, ಕೆಲವೇ ದಿನ ಬದುಕೋದು.

ಉಳಿದ ಕಂದು ಬಣ್ಣದ ಸಣ್ಣವು ನಿಜಕ್ಕೂ ಕಷ್ಟ, ಫೋಟೋನ ಐನ್ಯಾಚುರಲಿಸ್ಟ್‌ಗೆ (ಜೀವಿಗಳನ್ನ ಗುರುತಿಸೋಕೆ ನೆರವಾಗೋ ಆ್ಯಪ್) ಹಾಕಿ, ಬೆಳಿಗ್ಗೆ ಮಾತ್ರ ಮರೀದೆ ಪಂಚೆ ಕೊಡವಿ, ಇಲ್ಲಾಂದ್ರೆ ಹಕ್ಕಿಗಳಿಗೆ ತಿಂಡಿ.