ಸೊಂಟ ನೋವಿನ ಗುಳಿಗೆ ಚಟವಾದರೆ ಮನೆಯವರು ಏನು ಮಾಡಬೇಕು

ಕಲಬುರಗಿಯ ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಹತ್ತಿರ ನನ್ನದೊಂದು ಮೆಡಿಕಲ್ ಅಂಗಡಿ. ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೇ ಹಮಾಲರು ಬಂದು ನಿಂತಿರುತ್ತಾರೆ. ತೊಗರಿ ಸೀಸನ್ನಿನಲ್ಲಂತೂ ಕೇಳುವುದೇ ಬೇಡ. "ಯಣ್ಣಾ, ಸೊಂಟಾ ಹಿಡದದ, ಪವರ್ ಇದ್ದದ್ದು ಒಂದು ಗುಳಿಗಿ ಕೊಡ್ರಿ." ದಿನಕ್ಕೆ ಎಷ್ಟು ಸಲ ಈ ಮಾತು ಕೇಳುತ್ತೇನೋ ಲೆಕ್ಕ ಇಟ್ಟಿಲ್ಲ.

ನಮ್ಮ ಅಕ್ಕನ ಗಂಡನೂ ಅದೇ ಗಂಜಿನಲ್ಲಿ ಹಮಾಲ. ನಾವು ಮಾಮಾ ಅನ್ನುತ್ತೇವೆ. ಒಮ್ಮೆ ಲಾರಿಯ ಹಲಗೆ ಮೇಲೆ ಕಾಲು ಜಾರಿ ಚೀಲದ ಸಮೇತ ಬಿದ್ದರು. ಡಾಕ್ಟರು ಐದು ದಿನಕ್ಕೆ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಗುಳಿಗೆ ಬರೆದರು. ಅದರಲ್ಲಿ ತಪ್ಪಿಲ್ಲ. ಆರನೇ ದಿನ ಮಾಮಾ ಅದೇ ಚೀಟಿ ಹಿಡಿದು ನನ್ನ ಅಂಗಡಿಗೆ ಬಂದರು. ನಾನು ಕೊಟ್ಟೆ. ಮನೆಯವರು ಅಲ್ವಾ? ಹತ್ತು ದಿನ ಬಿಟ್ಟು ಬಂದಾಗ ಮತ್ತೆ ಕೊಟ್ಟೆ. ತಪ್ಪು ಆದದ್ದು ಅಲ್ಲಿ, ನನ್ನ ಕೈಯಿಂದಲೇ. ಆಮೇಲೆ ನಾನು ಇಲ್ಲ ಅಂದ ದಿನ ಅವರಿಗೆ ಬೇರೆ ಅಂಗಡಿ ಸಿಕ್ಕಿತು.

ಮೊದಲ ಕೆಲಸ: ಗುಳಿಗೆಯ ಹೆಸರು ಓದುವುದು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕು ಅಂತ ಅರ್ಥ, ಅಷ್ಟೇ. ಆ್ಯಂಟಿಬಯೋಟಿಕ್‌ಗೂ ಆ ಗೆರೆ ಇರುತ್ತದೆ. ಹೆಸರು ಮುಖ್ಯ. ಟ್ರಮಡಾಲ್, ಟ್ಯಾಪೆಂಟಡಾಲ್, ಕೆಲವು ಕೆಮ್ಮಿನ ಸಿರಪ್ಪಿನಲ್ಲಿರುವ ಕೊಡೀನ್, ಇವೆಲ್ಲ ಅಫೀಮಿನ ಬಳಗ. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯೊಳಗೆ ತಂದರು. ಶೆಡ್ಯೂಲ್ ಎಚ್1 ಪಟ್ಟಿಯಲ್ಲೂ ಅದಿದೆ. ಅಂದರೆ ಅದನ್ನು ಮಾರಿದಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಅನ್ನುವುದನ್ನು ನಾನು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಅದನ್ನು ಅಕ್ಕಿ ಬೇಳೆಯ ಹಾಗೆ ಸುಮ್ನೆ ಕೊಡುವ ಅಂಗಡಿ ಇದ್ದರೆ ಆ ಕಡೆ ಹೋಗಲೇಬೇಡಿ.

ಎರಡನೆಯದು, ಎಣಿಸುವುದು. ಅಕ್ಕ ಒಗೆಯಲು ಅಂಗಿ ತೆಗೆದಾಗ ಕಿಸೆಯಲ್ಲಿ ಎರಡು ಖಾಲಿ ಸ್ಟ್ರಿಪ್ ಇದ್ದವು. ಹಾಸಿಗೆ ಸುರುಳಿಯಲ್ಲಿ ಇನ್ನೂ ಐದು. ಅಷ್ಟೂ ಒಂದು ವಾರದ್ದು. ಏಳು ಸ್ಟ್ರಿಪ್ ಅಂದರೆ 70 ಗುಳಿಗೆ, ದಿನಕ್ಕೆ 10. ಒಂದರಲ್ಲಿ ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325. ದಿನಕ್ಕೆ ಟ್ರಮಡಾಲ್ 375 ಆಯಿತು, ಅದರ ಮಿತಿಯೇ 400. ಪ್ಯಾರಾಸಿಟಮಾಲ್ 3,250 ಆಯಿತು, ಅದು ಲಿವರಿಗೆ ಹೊರೆ. ಈ ಲೆಕ್ಕವನ್ನು ಅಕ್ಕನ ಮುಂದೆ ರಸೀದಿ ಹಾಳೆಯ ಹಿಂದೆ ಬರೆದು ತೋರಿಸಿದೆ. ಆಕೆ ಏನೂ ಮಾತಾಡಲಿಲ್ಲ.

ಎಣಿಸುವ ಅವಕಾಶ ಇಲ್ಲದಿದ್ದರೆ ಮೈ ನೋಡಿ. ಗುಳಿಗೆ ತಪ್ಪಿದ ದಿನ ಆಕಳಿಕೆ ಮೇಲೆ ಆಕಳಿಕೆ, ಮೂಗು ಸೋರುವುದು, ಬೆವರು, ಮೈಮೇಲಿನ ಕೂದಲು ನಿಲ್ಲುವುದು, ಭೇದಿ. ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮತ್ತೆ ಗುಳಿಗೆ ಬಿದ್ದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಎಲ್ಲ ಸರಿ. ನಮ್ಮ ಮನೆಯಲ್ಲಿ ಇದನ್ನು ಜ್ವರ ಅಂದುಕೊಂಡರು, ಆಮೇಲೆ ಗಾಳಿ ಸೋಕಿದೆ ಅಂದರು. ಬಂದೇ ನವಾಜ್ ದರ್ಗಾಕ್ಕೆ ಹೋಗಿ ಬಂದರು, ಶರಣಬಸವೇಶ್ವರ ಗುಡಿಗೂ ಹೋಗಿ ಬಂದರು. ಹೋಗಲಿ, ಯಾರು ಬೇಡ ಅಂದರು? ದವಾಖಾನೆಗೂ ಹೋಗಬೇಕು.

ಇನ್ನು ನನ್ನ ಎರಡನೇ ತಪ್ಪು. ಮನೆಯಲ್ಲಿದ್ದ ಗುಳಿಗೆ ಪೂರಾ ಒಂದೇ ಸಲ ಕಿತ್ತುಕೊಂಡು, ಮಾಮಾನನ್ನು ಕೋಣೆಯಲ್ಲಿ ಕೂಡಿಸಿ, ಮೂರು ದಿನ ತಡೆದುಕೊಳ್ಳಿ ಅಂದೆ. ಎರಡನೇ ರಾತ್ರಿ ಗೋಡೆ ಹಾರಿ ಹೋದರು. ಸೇಂದಿ ಕುಡಿದು, ಅದರ ಮೇಲೆ ಎಷ್ಟು ಗುಳಿಗೆ ನುಂಗಿದರೋ, ಬೆಳಗಿನ ಜಾವ ಫಿಟ್ಸ್ ಬಂತು. ಟ್ರಮಡಾಲ್ ಜಾಸ್ತಿಯಾದರೆ ಫಿಟ್ಸ್ ಬರುತ್ತದೆ ಅನ್ನುವುದು ಅಂಗಡಿ ಇಟ್ಟ ನನಗೆ ಗೊತ್ತಿರಬೇಕಿತ್ತು. ನಮ್ಮ ಕಡೆ ಸೇಂದಿಗೆ ಸಿಎಚ್ ಪುಡಿ, ಅಂದರೆ ಕ್ಲೋರಲ್ ಹೈಡ್ರೇಟ್, ಬೆರೆಸುವುದೂ ಇದೆ. ಅದು ನಿದ್ದೆ ಬರಿಸುವ ವಸ್ತು. ಅದರ ಜೊತೆ ಈ ಗುಳಿಗೆ ಸೇರಿದರೆ ಉಸಿರೇ ಕುಗ್ಗುತ್ತದೆ. ಅದಕ್ಕೇ ಹೇಳುತ್ತೇನೆ, ಕಿತ್ತುಕೊಳ್ಳುವುದು, ಕೂಡಿಹಾಕುವುದು ಎರಡೂ ಬೇಡ.

ಎಲ್ಲಿಗೆ ಹೋಗಬೇಕು? ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ಹುಚ್ಚಾಸ್ಪತ್ರೆ ಅಂತ ಅಕ್ಕ ಅತ್ತಳು. ಹಾಗಲ್ಲ, ಚಟದ ಡಾಕ್ಟರು ಅವರೇ. ತಾಲೂಕಿನವರಿಗೆ ಮನೋಚೈತನ್ಯ ಅಂತ ಕಾರ್ಯಕ್ರಮವಿದೆ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹೊರಡುವ ಮೊದಲು ಯಾವ ವಾರ ಅಂತ ವಿಚಾರಿಸಿಕೊಳ್ಳಿ, ಬಸ್ಸಿನ ದುಡ್ಡು ಉಳಿಯುತ್ತದೆ. ಮನೆಯಿಂದಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸುವುದಕ್ಕೆಂದೇ ಇರುವ ನಂಬರ್ 14446. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಎರಡು ಪ್ರಶ್ನೆ ಕೇಳಿ: ಡಾಕ್ಟರು ದಿನಾ ಬರುತ್ತಾರಾ? ಕಟ್ಟಿಹಾಕುತ್ತೀರಾ? ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ರೋಗಿಯ ವಿಷಯ ಹೊರಗೆ ಹೇಳಬಾರದು ಅನ್ನುವುದೂ ಅದರಲ್ಲೇ ಇದೆ.

ಡಾಕ್ಟರು ಮಾಮಾಗೆ ಗುಳಿಗೆ ಒಮ್ಮೆಲೇ ನಿಲ್ಲಿಸಲಿಲ್ಲ. ಸ್ವಲ್ಪ ಸ್ವಲ್ಪವೇ ಇಳಿಸಿದರು. ಎಷ್ಟು, ಯಾವಾಗ ಅನ್ನುವುದು ಅವರ ಕೆಲಸ, ನೀವು ಅಂದಾಜಿನಲ್ಲಿ ಮಾಡಬೇಡಿ. ಕೆಲವರಿಗೆ ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಗುಳಿಗೆ ಕೊಡುತ್ತಾರೆ, ಅದೂ ಅಫೀಮಿನ ಬಳಗದ್ದೇ. "ಒಂದು ಬಿಟ್ಟು ಇನ್ನೊಂದು ಹಿಡಿಸ್ತಾರ" ಅಂತ ಓಣಿಯವರು ಆಡಿಕೊಳ್ಳಬಹುದು. ಅದು ಚಡಪಡಿಕೆ ತಡೆದು ಮನುಷ್ಯನನ್ನು ಕೆಲಸಕ್ಕೆ ಹಚ್ಚುತ್ತದೆ, ನನಗೆ ಅಷ್ಟು ಸಾಕು.

ಮನೆಯವರ ಪಾಲಿನ ಕೆಲಸ ಗುಳಿಗೆ ಕಾಯುವುದು. ಅಕ್ಕ ಆ ದಿನದ್ದನ್ನು ಮಾತ್ರ ಖಾಲಿ ಕುಂಕುಮದ ಭರಣಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಉಳಿದದ್ದು ಟ್ರಂಕಿನಲ್ಲಿ, ಬೀಗದ ಕೈ ತಾಳಿ ಸರದಲ್ಲಿ. ಕೊಟ್ಟಾಗಲೆಲ್ಲ ಕ್ಯಾಲೆಂಡರಿನಲ್ಲಿ ಒಂದು ಗೆರೆ. ಐದನೇ ವಾರ ಮಾಮಾ ಹೊರಗಿಂದ ತಂದು ನುಂಗಿದರು. ಹೋಗಿ ಹೇಳಿದರೆ ಡಾಕ್ಟರು ಬೈಯಲಿಲ್ಲ. ಎರಡು ವಾರ ಇಳಿಸದೆ ಅದೇ ಲೆಕ್ಕದಲ್ಲಿ ಕೊಟ್ಟು, ಆಮೇಲೆ ಇಳಿಸುವುದನ್ನು ಮುಂದುವರಿಸಿದರು. ಬೈದಿದ್ದು ನಾನು. ಮುಂದಿನ ಸಲ ನನ್ನಿಂದ ಮುಚ್ಚಿಟ್ಟರು, ಅಷ್ಟೇ ಲಾಭ.

ಆದರೆ ಗುಳಿಗೆ ಇಳಿಸಲು ಆದದ್ದು ಸೊಂಟಕ್ಕೂ ಜೊತೆಗೇ ಚಿಕಿತ್ಸೆ ನಡೆದದ್ದರಿಂದ. ನೋವು ಹಾಗೇ ಬಿಟ್ಟು ಗುಳಿಗೆ ಬಿಡಿಸಲು ಹೋದರೆ ಆ ಮನುಷ್ಯ ಏನು ಮಾಡಬೇಕು? ಫಿಸಿಯೋಥೆರಪಿಯವರು ಮೂರು ಕಸರತ್ತು ಕಲಿಸಿದರು. ಬಿಸಿನೀರಿನ ಚೀಲದಿಂದ ಕಾವು, ದಿನಾ ನಡಿಗೆ. ತಿಂಗಳುಗಟ್ಟಲೆ ಮಲಗಿದರೆ ಸೊಂಟ ಇನ್ನೂ ಬಿಗಿಯುತ್ತದಂತೆ. ಹಾಗಂತ ಡೈಕ್ಲೊಫೆನಾಕ್ ಅನ್ನುವ ನೋವಿನ ಸೂಜಿ ದಿನಾ ಚುಚ್ಚಿಸಿಕೊಳ್ಳಬೇಡಿ. ನಮ್ಮ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದು ಅದನ್ನು ತಗೊಂಡರೆ ಕಿಡ್ನಿ ಕೆಡುತ್ತದೆ. ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಓಡಿ.

ಕ್ಯಾನ್ಸರ್ ನೋವಿನ ಮಾತೇ ಬೇರೆ. ಅಲ್ಲಿ ಡಾಕ್ಟರು ಮಾರ್ಫಿನ್ ಬರೆದರೆ ಚಟ ಆದೀತು ಅಂತ ಹೆದರಿ ಮನೆಯ ಹಿರಿಯರನ್ನು ನರಳಿಸಬೇಡಿ. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಿದ್ದಿದ್ದೇ ಅಂಥವರಿಗೆ ಅದು ಸುಲಭವಾಗಿ ಸಿಗಲಿ ಅಂತ. ಮಾರ್ಫಿನ್‌ನಿಂದ ಆಗುವ ಮಲಬದ್ಧತೆಗೂ ಜೊತೆಗೇ ಔಷಧಿ ಬರೆಸಿಕೊಳ್ಳಿ.

ಅಪಾಯದ ಗುರುತು ಇದು: ಅಲುಗಾಡಿಸಿದರೂ ಏಳುವುದಿಲ್ಲ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು, ಗೊರಗೊರ ಉಸಿರು, ತುಟಿ ನೀಲಿ. ಕೂಡಲೇ 108ಕ್ಕೆ ಫೋನ್ ಮಾಡಿ. ಮಗ್ಗುಲಾಗಿ ಮಲಗಿಸಿ. ಮಜ್ಜಿಗೆ, ಲಿಂಬು, ಉಪ್ಪುನೀರು ಏನೂ ಬಾಯಿಗೆ ಹಾಕಬೇಡಿ. ಉಸಿರು ನಿಂತಿದ್ದರೆ, ಬಾಯಿಂದ ಉಸಿರು ಕೊಡಲು ಬಂದವರು ಕೊಡಿ. ಸ್ಟ್ರಿಪ್ ಕೈಯಲ್ಲಿ ಹಿಡಿದೇ ಹೋಗಿ, ಅದನ್ನು ನೋಡಿದರೆ ಅಫೀಮಿನ ಬಳಗದ ಪರಿಣಾಮ ಇಳಿಸುವ ನ್ಯಾಲೊಕ್ಸೋನ್ ಇಂಜೆಕ್ಷನ್ ಬೇಕಾ ಅಂತ ಡಾಕ್ಟರಿಗೆ ಬೇಗ ತಿಳಿಯುತ್ತದೆ. ಬಿಟ್ಟು ಕೆಲವು ವಾರ ಆದ ಮೇಲೆ ಮತ್ತೆ ಹಳೇ ಲೆಕ್ಕದಲ್ಲಿ ತಗೊಂಡವರಿಗೇ ಇದು ಜಾಸ್ತಿ. ಮೈಗೆ ಆ ತಾಕತ್ತು ಹೋಗಿರುತ್ತದೆ.

ಮಾಮಾ ಈಗ ಚೀಲ ಹೊರುವುದಿಲ್ಲ, ತೂಕದ ಕಾಟಾ ಹತ್ತಿರ ಕೂತು ಚೀಲದ ಬಾಯಿ ಹೊಲಿಯುತ್ತಾರೆ. ಕೂಲಿ ಕಡಿಮೆ. ನನ್ನ ಅಂಗಡಿಯಲ್ಲಿ ಚೀಟಿಯ ಮೇಲೆ "ಕೊಟ್ಟಿದೆ" ಅಂತ ತಾರೀಖು ಬರೆದು ಶಿಕ್ಕಾ ಹೊಡೆಯುತ್ತೇನೆ. ನಿಮ್ಮ ಅಂಗಡಿಯವರಿಗೂ ಹಾಗೇ ಮಾಡಲು ಹೇಳಿ. ಮಿಕ್ಕ ಗುಳಿಗೆ ಮನೆಯಲ್ಲಿ ಇಡಬೇಡಿ. ಬಿಚ್ಚಿ, ಸೋಸಿದ ಚಹಾಪುಡಿಯಲ್ಲಿ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಅಕ್ಕ ಹಾಗೆ ಕಲಸುವಾಗ ಮಾಮಾ ಪಕ್ಕದಲ್ಲೇ ಕೂತು ಎಣಿಸುತ್ತಿದ್ದರು. ಹದಿನಾಲ್ಕು ಇದ್ದವು.