ಅಬ್ಬಿ ನೀರಿನ ತೊಟ್ಟಿಯೂ ಜೀವಕೋಶದ ಸ್ಥಾಯಿ ಸ್ಥಿತಿಯೂ

ತೀರ್ಥಹಳ್ಳಿ ಸೀಮೆಯ ಪದವಿ ಕಾಲೇಜೊಂದರಲ್ಲಿ ಜೀವರಸಾಯನ ಶಾಸ್ತ್ರ ಕಲಿಸುವ ನನಗೆ ಉತ್ತರಪತ್ರಿಕೆಗಳಲ್ಲಿ ವರ್ಷ ವರ್ಷವೂ ಒಂದೇ ವಾಕ್ಯ ಎದುರಾಗುತ್ತಿತ್ತು: “ಜೀವಂತ ಕೋಶವು ಸಮತೋಲನದಲ್ಲಿರುತ್ತದೆ.” ಈ ತಪ್ಪಿಗೆ ಅರ್ಧ ಕಾರಣ ನಾನೇ. ಮುಚ್ಚಿದ ಪಾತ್ರೆಯೊಳಗಿನ ರಾಸಾಯನಿಕ ಕ್ರಿಯೆಗೂ, ರಕ್ತದಲ್ಲಿ ಗ್ಲೂಕೋಸ್ ಒಂದೇ ಮಟ್ಟದಲ್ಲಿ ಉಳಿಯುವುದಕ್ಕೂ ತರಗತಿಯಲ್ಲಿ ‘ಸಮತೋಲನ’ ಎಂಬ ಒಂದೇ ಮಾತನ್ನು ಬಳಸುತ್ತಿದ್ದೆ. ನಿಜವಾಗಿ ಮೊದಲನೆಯದು ಮಾತ್ರ ಸಮತೋಲನ; ಎರಡನೆಯದು ಒಳಬಂದಷ್ಟೇ ಹೊರಹೋಗುತ್ತ ಮಟ್ಟ ನಿಲ್ಲುವ ‘ಸ್ಥಾಯಿ ಸ್ಥಿತಿ’.

ದಾರಿ ತೋರಿಸಿದ್ದು ನಮ್ಮ ಮನೆಯ ಹಿತ್ತಲು. ಗುಡ್ಡದ ಅಬ್ಬಿಯಿಂದ ಅಡಿಕೆ ಮರದ ದಂಬೆಯಲ್ಲಿ ಹರಿದುಬರುವ ನೀರು ಕಲ್ಲಿನ ತೊಟ್ಟಿಗೆ ಬಿದ್ದು, ಇನ್ನೊಂದು ಬದಿಯಿಂದ ತೋಟಕ್ಕೆ ಇಳಿಯುತ್ತದೆ. ತೊಟ್ಟಿಯ ಮಟ್ಟ ಮಾತ್ರ ದಿನವಿಡೀ ಕದಲುವುದಿಲ್ಲ. ಇದನ್ನೇ ಪ್ರಯೋಗಾಲಯಕ್ಕೆ ತಂದೆ. ಬಕೆಟ್ಟಿನ ತಳದಲ್ಲಿ 6 ಮಿಲಿಮೀಟರ್ ವ್ಯಾಸದ ತೂತು ಕೊರೆದು ನಲ್ಲಿಯಿಂದ ನಿಮಿಷಕ್ಕೆ ಒಂದು ಲೀಟರಿನಂತೆ ನೀರು ಬಿಟ್ಟಾಗ ಮಟ್ಟ ಸುಮಾರು 5 ಸೆಂಟಿಮೀಟರಿಗೆ ಬಂದು ನಿಂತಿತು. ಎರಡು ಲೀಟರಿಗೆ ಏರಿಸಿದರೆ ಹತ್ತಕ್ಕಲ್ಲ, ಸುಮಾರು 20ಕ್ಕೆ ಏರಿತು; ತೂತಿನಿಂದ ಹೊರಹೋಗುವ ವೇಗವು ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುವುದರಿಂದ ಹೀಗಾಗುತ್ತದೆ. ಅಷ್ಟಕ್ಕೆ ತಲುಪಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುವುದರಿಂದ ಈಗ ಪೀರಿಯಡ್ಡಿಗೆ ಮೊದಲೇ ನಲ್ಲಿ ತಿರುಗಿಸಿಡುತ್ತೇನೆ.

ಪಕ್ಕದಲ್ಲಿ ರಬ್ಬರ್ ಕೊಳವೆಯಿಂದ ಜೋಡಿಸಿದ ಎರಡು ಪಾತ್ರೆಗಳನ್ನು ಇಟ್ಟೆ. ಅವುಗಳಲ್ಲೂ ನೀರಿನ ಮಟ್ಟ ಸಮನಾಗಿ ನಿಂತಿತ್ತು. ಎರಡೂ ಕಡೆ ಒಂದೊಂದು ಚಿಟಿಕೆ ಬಣ್ಣ ಹಾಕಿಸಿದಾಗ ವ್ಯತ್ಯಾಸ ಮಕ್ಕಳ ಕಣ್ಣಿಗೇ ಬಿತ್ತು. ಜೋಡಿ ಪಾತ್ರೆಗಳಲ್ಲಿ ಬಣ್ಣ ಹರಡಿ ಅಲ್ಲಿಯೇ ಉಳಿಯಿತು. ಬಕೆಟ್ಟಿನಲ್ಲಿ ಅದು ಕ್ರಮೇಣ ತೆಳುವಾಗಿ ತೊಳೆದುಹೋಯಿತು, ಮಟ್ಟ ಮಾತ್ರ ಇದ್ದಲ್ಲೇ ಇತ್ತು. ಒಂದು ಚೆಂಬು ನೀರು ಹೆಚ್ಚಿಗೆ ಸುರಿದರೂ ಬಕೆಟ್ ತನ್ನ ಹಳೆಯ ಮಟ್ಟಕ್ಕೆ ಮರಳಿತು. ಜೋಡಿ ಪಾತ್ರೆಗಳು ಹೊಸ ಮಟ್ಟದಲ್ಲೇ ನಿಂತವು.

ಕೋಶದ ಪಾಠವನ್ನು ಇಲ್ಲಿಂದಲೇ ಮುಂದುವರಿಸಿದೆ. ನಮ್ಮ ರಕ್ತದ ಪ್ರತಿಯೊಂದು ಕೆಂಪುಕಣಕ್ಕೂ ಸುಮಾರು 120 ದಿನಗಳ ಆಯುಸ್ಸು. ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕಣಗಳು ಹುಟ್ಟಿ, ಅಷ್ಟೇ ಸಂಖ್ಯೆಯಲ್ಲಿ ಅಳಿಯುತ್ತಿದ್ದರೂ ಎಣಿಕೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಸೋಡಿಯಂ ಕೋಶದ ಹೊರಗೆ ಹೆಚ್ಚು, ಪೊಟ್ಯಾಸಿಯಂ ಒಳಗೆ ಹೆಚ್ಚು ಎಂಬ ವ್ಯತ್ಯಾಸವೂ ತಾನಾಗಿ ಉಳಿಯುವಂಥದ್ದಲ್ಲ. ಎರಡೂ ಸೋರುತ್ತಲೇ ಇರುತ್ತವೆ. 1957ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೋ ವರದಿ ಮಾಡಿದ, ಕೋಶದ ಪೊರೆಯಲ್ಲಿರುವ ಪ್ರೋಟೀನ್ ಪಂಪು, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಒಂದು ಅಣುವನ್ನು ಖರ್ಚು ಮಾಡಿ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತದೆ.

“ಪಂಪು ನಿಂತರೆ ಏನಾಗುತ್ತದೆ ಸರ್?” ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನಾನು ಬಹಳ ವರ್ಷ ಕಾದಿದ್ದ ಪ್ರಶ್ನೆ ಅದು. ರಕ್ತನಿಧಿಯಲ್ಲಿ ರಕ್ತವನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡುತ್ತಾರೆ. ಆ ಚಳಿಗೆ ಪಂಪು ಬಹುಪಾಲು ಸ್ತಬ್ಧವಾಗುತ್ತದೆ, ಆದರೆ ಸೋರಿಕೆ ನಿಲ್ಲುವುದಿಲ್ಲ. ದಿನ ಕಳೆದಂತೆ ಕಣಗಳೊಳಗಿನ ಪೊಟ್ಯಾಸಿಯಂ ಚೀಲದ ದ್ರವಕ್ಕೆ ಇಳಿಯುತ್ತ, ಒಳಗೂ ಹೊರಗೂ ಸಮವಾಗುವ ದಿಕ್ಕಿಗೆ ಸಾಗುತ್ತದೆ. ಅವಳು ಜೋಡಿ ಪಾತ್ರೆಗಳ ಕಡೆ ಕೈ ತೋರಿಸಿ, “ಹಾಗಾದರೆ ಅದು ಆ ಕಡೆಗೆ ಹೊರಟಿದೆ” ಎಂದಳು.