ಒಳಗಿನ ನೋಡ್‌ಗಳನ್ನು ಮಡಚಿಡುವುದು ಹೇಗೆ?

ಫೈನೈಟ್ ಎಲಿಮೆಂಟ್ ಮಾಡೆಲ್ ಎಂದರೆ ಒಂದು ರಚನೆಯನ್ನು ಸಣ್ಣ ತುಂಡುಗಳಾಗಿ (ಎಲಿಮೆಂಟ್) ಒಡೆದು, ಅವುಗಳ ಮೇಲೆ ಗುರುತಿಸಿದ ಬಿಂದುಗಳಲ್ಲಿ (ನೋಡ್) ಲೆಕ್ಕ ಹಾಕುವ ಮಾದರಿ. ಅದರಲ್ಲಿ ಕೆಲವು ನೋಡ್‌ಗಳು ಒಂದೇ ಎಲಿಮೆಂಟಿನ ಹೊಟ್ಟೆಯೊಳಗೆ ಕೂತಿರುತ್ತವೆ. ಅಕ್ಕಪಕ್ಕದ ಎಲಿಮೆಂಟ್‌ಗಳ ಜೊತೆ ಅವಕ್ಕೆ ನೇರ ಸಂಬಂಧ ಇಲ್ಲ. ಒಂದೊಂದು ಬದಿಯಲ್ಲೂ 5 ನೋಡ್ ಇರುವ ಚೌಕದ ಎಲಿಮೆಂಟ್ ನೋಡಿ: ಒಟ್ಟು 25 ನೋಡ್, ಅದರಲ್ಲಿ 9 ಒಳಗಿನವು. ಈ 9ನ್ನು ಸುಮ್ನೆ ಇಡೀ ಮಾಡೆಲ್‌ನ ದೊಡ್ಡ ಮ್ಯಾಟ್ರಿಕ್ಸ್‌ಗೆ ಯಾಕೆ ಸೇರಿಸಬೇಕು? ಎಲಿಮೆಂಟ್ ಮಟ್ಟದಲ್ಲೇ ಅವುಗಳ ಲೆಕ್ಕ ಮುಗಿಸಬಹುದು. ಇದೇ ಸ್ಟ್ಯಾಟಿಕ್ ಕಂಡೆನ್ಸೇಶನ್.

ಮೊದಲು ವಿಂಗಡಿಸಿ. ಉಳಿಯಬೇಕಾದ ಗಡಿಯ ನೋಡ್‌ಗಳಿಗೆ 'ಗ', ಮಡಚಬೇಕಾದ ಒಳಗಿನವಕ್ಕೆ 'ಒ' ಎನ್ನೋಣ. ಸ್ಟಿಫ್‌ನೆಸ್ (ಸರಿಸಲು ಎಷ್ಟು ಬಲ ಬೇಕು ಎಂಬ ಬಿಗಿತ) ಮ್ಯಾಟ್ರಿಕ್ಸ್‌ಗೆ 'ಕ' ಎನ್ನೋಣ. ಅದರ ಸಾಲು, ಕಂಬಸಾಲುಗಳನ್ನು ಇದೇ ಕ್ರಮದಲ್ಲಿ ಜೋಡಿಸಿದರೆ ನಾಲ್ಕು ತುಂಡು ಸಿಗುತ್ತವೆ: ಕಗಗ, ಕಗಒ, ಕಒಗ, ಕಒಒ. ಲೋಡ್ ಕೂಡ ಎರಡು ಭಾಗವಾಗುತ್ತದೆ: ಲೋಗ, ಲೋಒ.

ಆಮೇಲೆ 'ಒ' ಸಾಲಿನ ಸಮೀಕರಣದಿಂದ ಒಳಗಿನ ಸರಿತವನ್ನು (ನೋಡ್ ಎಷ್ಟು ಸರಿಯಿತು ಎಂಬುದು) ಗಡಿಯ ಸರಿತದ ಲೆಕ್ಕದಲ್ಲಿ ಬರೆದು, 'ಗ' ಸಾಲಿಗೆ ಹಾಕಿ. ಬರುವುದು ಇಷ್ಟು:

ಹೊಸ ಕ = ಕಗಗ − ಕಗಒ × ಕಒಒ⁻¹ × ಕಒಗ
ಹೊಸ ಲೋ = ಲೋಗ − ಕಗಒ × ಕಒಒ⁻¹ × ಲೋಒ

ತುಂಬಾ ಜನ ಎಡವುವುದು ಎರಡನೇ ಸಾಲಿನಲ್ಲಿ. ಸ್ಟಿಫ್‌ನೆಸ್ ಮಡಚುತ್ತಾರೆ, ಲೋಡ್ ಮರೆಯುತ್ತಾರೆ. ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ಒಳಗೆ ಬಿದ್ದ ಭಾರ ಮಾಯವಾಗಿರುತ್ತದೆ!

ಸಣ್ಣ ಲೆಕ್ಕ ಮಾಡಿ ನೋಡೋಣ. ಸಾಲಾಗಿ 3 ನೋಡ್, ನಡುವೆ 2 ಸ್ಪ್ರಿಂಗ್. 1 ಮತ್ತು 2ರ ನಡುವಿನದು ಮಿಲಿಮೀಟರಿಗೆ 300 ನ್ಯೂಟನ್, 2 ಮತ್ತು 3ರ ನಡುವಿನದು 600. ನಡುವಿನ ನೋಡ್ ಮೇಲೆ 90 ನ್ಯೂಟನ್ ಲೋಡ್. ಆ ನೋಡನ್ನೇ ಮಡಚೋಣ. ಕಒಒ ಅಂದರೆ 300 + 600 = 900. ನೋಡ್ 1ರ ಜಾಗದಲ್ಲಿ 300 − 300×300/900 = 200. ನೋಡ್ 3ರ ಜಾಗದಲ್ಲಿ 600 − 600×600/900, ಅದೂ 200. ಸಾಲಾಗಿ ಜೋಡಿಸಿದ ಎರಡು ಸ್ಪ್ರಿಂಗ್‌ಗಳ ಒಟ್ಟು ಸ್ಟಿಫ್‌ನೆಸ್ಸೂ 200 ಅಲ್ವಾ? ಸರಿಯಾಗಿದೆ. ಇನ್ನು ಲೋಡ್: 90ರಲ್ಲಿ 30 ನೋಡ್ 1ಕ್ಕೆ, 60 ನೋಡ್ 3ಕ್ಕೆ ಹೋಯಿತು. ಒಂದು ನ್ಯೂಟನ್ನೂ ಕಳೆದಿಲ್ಲ.

ಈಗ ನೋಡ್ 1 ಅಲುಗದಂತೆ ಕಟ್ಟಿಹಾಕಿ. ನೋಡ್ 3ರ ಸರಿತ 60/200 = 0.3 ಮಿಲಿಮೀಟರ್. ಕೊನೆಗೆ ಹಿಂದಕ್ಕೆ ಬನ್ನಿ: ನಡುವಿನ ನೋಡ್‌ನ ಸರಿತ (90 + 600×0.3)/900, ಅಂದರೆ 0.3. ನೋಡ್ 3ರ ತುದಿಯನ್ನು ಯಾರೂ ಎಳೆಯುತ್ತಿಲ್ಲ, ಹಾಗಾಗಿ ಎರಡನೇ ಸ್ಪ್ರಿಂಗ್ ಹಿಗ್ಗಬಾರದು. ಹಿಗ್ಗಿಲ್ಲ. ಹೀಗೆ ಹಿಂದಕ್ಕೆ ಬರುವ ಹೆಜ್ಜೆಯನ್ನು ಬಿಟ್ಟರೆ ಎಲಿಮೆಂಟಿನ ಒಳಗಿನ ಸ್ಟ್ರೆಸ್ ತಪ್ಪಾಗುತ್ತದೆ.

ಬೀಮ್‌ನ ತುದಿಯಲ್ಲಿ ಹಿಂಜ್ (ಸಲೀಸಾಗಿ ತಿರುಗುವ ಕೀಲು) ಇಡುವುದೂ ಇದೇ ಕೆಲಸ. ಆ ತುದಿಯ ತಿರುಗುವಿಕೆಯನ್ನು ಮಡಚಿದರೆ ಇನ್ನೊಂದು ತುದಿಯ ತಿರುಗುವ ಸ್ಟಿಫ್‌ನೆಸ್ 4ಇಐ/ಎಲ್ (ಇಐ ಬೀಮ್ ಬಾಗದಂತೆ ತಡೆಯುವ ಬಿಗಿತ, ಎಲ್ ಉದ್ದ) ಇದ್ದದ್ದು 3ಇಐ/ಎಲ್ ಆಗುತ್ತದೆ. ಪಠ್ಯದಲ್ಲಿ ಬಾಯಿಪಾಠ ಮಾಡಿದ ಆ 3 ಬರುವುದು ಹೀಗೆ, 4 − 2×2/4 ಎಂದು.

ಕೋಡ್ ಬರೆಯುವಾಗ ಕಒಒ ಮ್ಯಾಟ್ರಿಕ್ಸ್‌ನ ಇನ್ವರ್ಸ್ ತೆಗೆಯಬೇಡಿ. ಒಮ್ಮೆ ಫ್ಯಾಕ್ಟರ್ ಮಾಡಿಟ್ಟುಕೊಂಡು (ಸುಲಭವಾಗಿ ಬಿಡಿಸಬಲ್ಲ ತ್ರಿಕೋನ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆದು) ಸಾಲ್ವ್ ಮಾಡಿ. ಹಿಂದಕ್ಕೆ ಬರುವಾಗಲೂ ಅದೇ ಬಳಕೆಗೆ ಬರುತ್ತದೆ. ಫ್ಯಾಕ್ಟರ್ ಮಾಡುವಾಗಲೇ ಸೊನ್ನೆ ಎದುರಾದರೆ, ಒಳಗಿನ ಯಾವುದೋ ನೋಡ್ ಹಿಡಿತವಿಲ್ಲದೆ ತೇಲುತ್ತಿದೆ ಎಂದು ಅರ್ಥ. ಮತ್ತೆ, ಕಂಡಕಂಡ ನೋಡನ್ನೆಲ್ಲ ಮಡಚಬೇಡಿ. ಉಳಿದ ಮ್ಯಾಟ್ರಿಕ್ಸ್ ಚಿಕ್ಕದಾದರೂ ಸೊನ್ನೆಗಳು ಕಮ್ಮಿಯಾಗಿ ಕೆಲವೊಮ್ಮೆ ಕೆಲಸ ಜಾಸ್ತಿಯೇ ಆಗುತ್ತದೆ.

ಇಲ್ಲಿಯವರೆಗಿನ ಲೆಕ್ಕ ಪಕ್ಕಾ, ಅಂದಾಜು ಎಲ್ಲೂ ಇಲ್ಲ. ಕಂಪನದ ಲೆಕ್ಕಕ್ಕೆ ಹೋದರೆ ಈ ಮಾತು ನಿಲ್ಲದು. 1965ರಲ್ಲಿ ರಾಬರ್ಟ್ ಗಯಾನ್ ತೋರಿಸಿದ ದಾರಿಯಲ್ಲಿ ಮಾಸ್ (ದ್ರವ್ಯರಾಶಿ) ಮ್ಯಾಟ್ರಿಕ್ಸನ್ನೂ ಮಡಚಬಹುದು. ಆದರೆ ಅಲ್ಲಿ ಒಳಗಿನ ನೋಡ್‌ಗಳು ತಮ್ಮ ಪಾಡಿಗೆ ಕಂಪಿಸುವುದನ್ನು ಕೈಬಿಟ್ಟಿರುತ್ತೇವೆ. ಅದರಿಂದ ಫ್ರೀಕ್ವೆನ್ಸಿ ನಿಜಕ್ಕಿಂತ ಹೆಚ್ಚೇ ಬರುತ್ತದೆ, ಮೇಲಿನ ಮೋಡ್‌ಗಳಲ್ಲಂತೂ (ಹೆಚ್ಚು ಫ್ರೀಕ್ವೆನ್ಸಿಯ ಕಂಪನ ರೂಪಗಳಲ್ಲಂತೂ) ಇನ್ನೂ ಹೆಚ್ಚು. ಹಾಗಾಗಿ ಭಾರ ಜಾಸ್ತಿ ಇದ್ದು ಸ್ಟಿಫ್‌ನೆಸ್ ಕಡಿಮೆ ಇರುವ ನೋಡ್‌ಗಳನ್ನು 'ಗ' ಗುಂಪಿನಲ್ಲೇ ಉಳಿಸಿಕೊಳ್ಳಿ. ಅದೂ ಸಾಲದಿದ್ದರೆ ಒಳಗಿನ ಕೆಲವು ಮೋಡ್‌ಗಳನ್ನು ಸೇರಿಸಿಕೊಳ್ಳುವ ಕ್ರೇಗ್–ಬ್ಯಾಂಪ್ಟನ್ ವಿಧಾನ ಬಳಸಿ.